ಮುಲಾಜಿಗೆ ಆಡಿದ ಮಾತು

ಮೊದಲನೆಯ ಡಬ್ಬಿ ನಮ್ಮ ಮನೆಗೆ ಬಂದದ್ದು ಒಂದು ರವಿವಾರ ಬೆಳಿಗ್ಗೆ. ನಾನು ಕಟ್ಟೆಯ ಮೇಲೆ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಾ ಕೂತಿದ್ದೆ. ಆಪಾ ಗೇಟು ತೆಗೆದು ಒಳಗೆ ಬಂದಳು. ಹೆಗಲ ಮೇಲೆ ದಿನದ ಶಾಲೆಯ ಚೀಲವಿರಲಿಲ್ಲ, ಹೊಸದೊಂದು ಕರಿ ಚೀಲವಿತ್ತು. ಅದನ್ನು ಮಗುವನ್ನು ಇಳಿಸಿದ ಹಾಗೆ ಮೆಲ್ಲಗೆ ನನ್ನ ಪಕ್ಕ ಇಳಿಸಿದಳು.

ಆಪಾ ನನ್ನ ಅಕ್ಕನಲ್ಲ, ಬಳಗದವಳೂ ಅಲ್ಲ. ಖಜೂರಿಯ ಉರ್ದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ನಾನು ಅದೇ ಊರಿನ ಹೈಸ್ಕೂಲಿನ ಆಫೀಸಿನಲ್ಲಿ ಕ್ಲಾರ್ಕು. ಇಬ್ಬರ ಮನೆಯೂ ಆಳಂದದಲ್ಲಿ, ನಡುವೆ ಎರಡು ಓಣಿ. ಹದಿನಾಲ್ಕು ವರ್ಷದಿಂದ ಒಂದೇ ಬಸ್ಸು, ಒಂದೇ ಸೀಟು. ಬಸ್ಸಿನಲ್ಲಿ ಹೊಟ್ಟೆ ತೊಳಸುತ್ತದೆಂದು ಕಿಟಕಿ ಅವಳಿಗೆ. ನನಗಿಂತ ಎರಡು ವರ್ಷ ದೊಡ್ಡವಳಾದ್ದರಿಂದ ಆಪಾ ಅನ್ನುತ್ತೇನೆ, ಆದರೆ ಮಾತು ಮೊದಲಿನಿಂದಲೂ ಏಕವಚನದಲ್ಲೇ. ಅವಳ ಊಟದ ಡಬ್ಬಿಯ ಖೀಮಾ ನಾನು ಮುಟ್ಟುವುದಿಲ್ಲ, ಅವಳ ಖಾರದ ಬದನೆಕಾಯಿ ಬಿಡುವುದಿಲ್ಲ. ನನ್ನ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಅರ್ಧ ಅವಳ ಪಾಲು.

ಶುಗರ್ ಕೂಡ ನಮಗೆ ಹೆಚ್ಚುಕಮ್ಮಿ ಜೊತೆಯಲ್ಲೇ ಬಂತು. ಮೊದಲು ನನಗೆ, ಆರು ತಿಂಗಳ ಮೇಲೆ ಅವಳಿಗೆ. ಅಂದಿನಿಂದ ಬಸ್ಸು ಆಳಂದ ದಾಟಿದ ಕೂಡಲೇ ಇಬ್ಬರೂ ಪರ್ಸು ತೆಗೆಯುವುದು, ನೀರಿನ ಬಾಟಲಿ ಕೈ ಬದಲಾಯಿಸುವುದು ದಿನದ ಕೆಲಸವಾಯಿತು.

"ಗುಳಿಗಿ?"

"ನುಂಗೇನಿ. ನೀ?"

ಇಷ್ಟೇ. ನಮಸ್ಕಾರ, ಸಲಾಮು ಎಲ್ಲ ಅದರಲ್ಲೇ ಮುಗಿಯುತ್ತಿತ್ತು. ಒಬ್ಬಳು ಮರೆತರೆ ಇನ್ನೊಬ್ಬಳು ಬೈಯುತ್ತಿದ್ದಳು. ಒಮ್ಮೆ ನಾನು ಗುಳಿಗೆ ಮನೆಯಲ್ಲೇ ಬಿಟ್ಟು ಬಂದಿದ್ದಕ್ಕೆ, "ಗಂಡಗ ಚಹಾ ಮಾಡೋದು ಮರೀತಿ ಏನು? ಇದ್ಯಾಂಗ ಮರ್ತಿ?" ಎಂದು ಇಡೀ ಬಸ್ಸು ಕೇಳುವ ಹಾಗೆ ಬೈದು ತನ್ನದೊಂದು ಕೊಟ್ಟಿದ್ದಳು.

ಆ ರವಿವಾರ ಅವಳು ಕರಿ ಚೀಲದಿಂದ ತೆಗೆದದ್ದು ಒಂದು ದೊಡ್ಡ ಡಬ್ಬಿ. ಮೇಲೆ ಹಸಿರೆಲೆಯ ಚಿತ್ರ, ನಗುವ ಗಂಡ ಹೆಂಡತಿ.

"ಇದೇನ ಆಪಾ, ಹಾಲಿನ ಪುಡಿ ಮಾರಾಕತ್ತಿ ಏನು?"

"ಹಾಲಿನ ಪುಡಿ ಅಲ್ಲ ಬೇ. ಮುಂಜಾನೆ ಒಂದ್ ಚಮಚ, ಸಂಜೀಕ ಒಂದ್ ಚಮಚ. ಶುಗರ್ ಬುಡಸಮೇತ ಹೋಗ್ತದ."

"ಬುಡಸಮೇತ ಹೋದ್ರ ಡಾಕ್ಟರ್ ಮಂದಿ ಏನ್ ಮಾಡ್ಬೇಕು? ಭಜಿ ಕರೀಬೇಕೇನು?"

"ನಗಬ್ಯಾಡ. ನಾ ಒಂದ್ ತಿಂಗಳಾತು ಕುಡ್ಯಾಕತ್ತು. ಮೊಣಕಾಲು ನೋವು ಹೋಗ್ಯಾದ, ನಿದ್ದಿ ಬರ್ತದ."

ಆಮೇಲೆ ಅವಳು ಪುಡಿಯ ಗುಣಗಳನ್ನು ಹೇಳತೊಡಗಿದಳು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ ಅದು, ಎಲ್ಲೂ ತಡವರಿಸುವುದಿಲ್ಲ. ಆ ದಿನ ಮಾತ್ರ ನಡುವೆ ನಡುವೆ ನಿಂತು, ಯಾರೋ ಕಲಿಸಿದ್ದನ್ನು ನೆನಪು ಮಾಡಿಕೊಂಡು ಮುಂದೆ ಹೋಗುತ್ತಿದ್ದಳು. ಚೀಲದಲ್ಲಿ ಇನ್ನೂ ಐದು ಡಬ್ಬಿ ಕಾಣುತ್ತಿದ್ದವು. ಒಂದೂ ಹೋಗಿಲ್ಲ ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಅವಳ ಗಂಡನ ಟೇಲರಿಂಗ್ ಅಂಗಡಿ ಮುಚ್ಚಿದ್ದು, ಮನೆ ಕಟ್ಟಿದ ಕಂತು, ಮಗಳ ಬಿ.ಎಡ್ ಫೀಸು, ಎಲ್ಲ ನನಗೆ ಗೊತ್ತಿದ್ದದ್ದೇ. ಸರ್ಕಾರಿ ನೌಕರಿಯವರು ವ್ಯಾಪಾರ ಮಾಡುವಂತಿಲ್ಲವೆಂದು ಮಗಳ ಹೆಸರಿನಲ್ಲಿ ಪುಡಿಯ ಕಂಪನಿಯ ಸದಸ್ಯತ್ವ ಮಾಡಿಸಿದ್ದಳು.

"ಎಷ್ಟು?" ಅಂದೆ.

"ಹೊರಗಿನವ್ರಿಗೆ ಎರಡೂವರಿ ಸಾವಿರ. ನಿನಗ ಎರಡ ಸಾವಿರದ ಇನ್ನೂರು."

ಒಳಗೆ ಹೋಗಿ ರೊಕ್ಕ ತಂದು ಕೊಟ್ಟೆ. ನಮ್ಮ ಕಡೆ ಇದಕ್ಕೆ ಮುಲಾಜು ಅನ್ನುತ್ತಾರೆ. ಬೇಡವಾದದ್ದು ಬೇಡ ಎಂದು ಬಾಯಿಗೆ ಬಂದಿರುತ್ತದೆ, ಎದುರಿಗೆ ನಿಂತವರ ಮುಖ ನೋಡಿ ಅದು ಗಂಟಲಲ್ಲೇ ಉಳಿಯುತ್ತದೆ. ನಮ್ಮಂಥ ತಿಂಗಳ ಪಗಾರದ ಮನೆಗಳಲ್ಲಿ ಅರ್ಧ ಸಾಮಾನು ಮುಲಾಜಿಗೆ ಬಂದದ್ದೇ. ಹೆಡ್‌ಮಾಸ್ತರರ ಹೆಂಡತಿ ಸೀರೆ ಮಾರುತ್ತಾರೆಂದು ತಂದ ಎರಡು ಸೀರೆ, ಸಹೋದ್ಯೋಗಿಯ ತಮ್ಮ ಹೊಸದಾಗಿ ಕೆಲಸಕ್ಕೆ ಸೇರಿದನೆಂದು ಮಾಡಿಸಿದ ವಿಮೆ, ಬೀಗರ ಪರಿಚಯದವರು ಹಾಕಿಸಿದ ನೀರಿನ ಫಿಲ್ಟರು. ಅದು ಎರಡು ವರ್ಷದಿಂದ ಬರೀ ಗೋಡೆಗೆ ನೇತಾಡುತ್ತಿದೆ. ಒಳಗೊಳಗೆ ಬೈದುಕೊಳ್ಳುತ್ತೇವೆ, ಹೊರಗೆ ಚಹಾ ಕೊಡುತ್ತೇವೆ.

ನಮ್ಮ ಮನೆಯವರು ಸಂಜೆ ಡಬ್ಬಿಯನ್ನು ತಿರುಗಿಸಿ ನೋಡಿ, "ಒಂದ್ ಚಮಚಕ್ಕ ಎಷ್ಟ ಬೀಳ್ತದ ಗೊತ್ತದೇನು? ಬಾದಾಮಿ ತಿಂದ್ರೂ ಸೋವಿ ಬೀಳ್ತಿತ್ತು" ಅಂದರು.

"ಆಪಾ ತಂದಾಳ" ಅಂದೆ.

ಅವರು ಡಬ್ಬಿಯನ್ನು ಇಟ್ಟುಬಿಟ್ಟರು. ಅವರಿಗೂ ಮುಲಾಜು ಗೊತ್ತು.

ಮೂರು ದಿನ ಕುಡಿದೆ. ಹೊಟ್ಟೆ ಉಬ್ಬಿ ಆಫೀಸಿನಲ್ಲಿ ಕೂರುವುದು ಕಷ್ಟವಾಯಿತು. ನಾಲ್ಕನೆಯ ದಿನ ಡಬ್ಬಿಯನ್ನು ಹಾಲಿನವಳಿಗೆ ಕೊಟ್ಟು, ಎಮ್ಮೆಗಾದರೂ ಹಾಕು ಅಂದೆ. ಮರುದಿನ ಅವಳು ಬಂದು, "ಎಮ್ಮಿ ಮೂಸಿ ನೋಡಿ ಮಾರಿ ತಿರುವ್ತುರಿ ಅಕ್ಕೋರ. ಹಿಂಡಿ ಜೋಡಿ ಕಲಸಿದ ಮ್ಯಾಲ ತಿಂತು" ಅಂದಳು.

"ಹಾಲರ ಹೆಚ್ಚಾತೇನು?"

"ಹಾಲು ಹೆಚ್ಚಾಗಿಲ್ರಿ, ಸಿಟ್ಟು ಹೆಚ್ಚಾಗ್ಯಾದ."

ನಗಾಡಿದೆವು. ಮುಂದಿನ ತಿಂಗಳು ಎರಡನೆಯ ಡಬ್ಬಿ ಬಂತು, ಆಮೇಲೆ ಮೂರನೆಯದು. ಪ್ರತಿ ತಿಂಗಳೂ ರೊಕ್ಕ ಕೊಡುತ್ತಿದ್ದೆ, ಡಬ್ಬಿ ಎಮ್ಮೆಯ ಹಿಂಡಿಗೆ ಹೋಗುತ್ತಿತ್ತು. ಬಸ್ಸಿನಲ್ಲಿ ಆಪಾ, "ಹ್ಯಾಂಗನಸ್ತದ?" ಎಂದು ಕೇಳುತ್ತಿದ್ದಳು. "ಮೈ ಹಗೂರ ಅನಸ್ತದ" ಅನ್ನುತ್ತಿದ್ದೆ. ಅವಳ ಮುಖ ಅರಳುತ್ತಿತ್ತು. ಅಷ್ಟು ಸುಲಭದಲ್ಲಿ ಒಬ್ಬರನ್ನು ಸಂತೋಷಪಡಿಸುವುದು ಬಿಡಲು ಮನಸ್ಸು ಬರಲಿಲ್ಲ.

ಅದೇ ದಿನಗಳಲ್ಲಿ ಜೇವರ್ಗಿಯಲ್ಲಿರುವ ನನ್ನ ತಂಗಿ ನನ್ನನ್ನು ಅಲ್ಲಿನ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಹಳೆಯ ಗುಳಿಗೆಯ ಜೊತೆ ರಾತ್ರಿಗೆ ಇನ್ನೊಂದು ಬರೆದು, ದಿನಾ ನಲವತ್ತು ನಿಮಿಷ ನಡೆಯಲೇಬೇಕು ಅಂದರು. ಬೆಳಿಗ್ಗೆ ಮಾರುಕಟ್ಟೆಯ ಅಂಗಳದಲ್ಲಿ ಖಾಲಿ ಗಾಡಿಗಳ ನಡುವೆ ಸುತ್ತು ಹಾಕತೊಡಗಿದೆ. ಮೂರು ತಿಂಗಳಲ್ಲಿ ಇನ್ನೂರಾ ನಲವತ್ತು ಇದ್ದ ಉಪವಾಸದ ಶುಗರ್ ನೂರಾ ಹದಿನೆಂಟಕ್ಕೆ ಇಳಿಯಿತು.

ಆಪಾಗೆ ಆ ಅಂಕಿಯನ್ನಷ್ಟೇ ಹೇಳಿದೆ. ಜೇವರ್ಗಿಯ ಡಾಕ್ಟರ ಸುದ್ದಿ ಹೇಳಿದರೆ, ಅವಳ ಪುಡಿಯ ಮೇಲೆ ನನಗೆ ಭರವಸೆ ಇಲ್ಲ ಎಂದಂತಾಗುತ್ತಿತ್ತು. ಬಸ್ಸಿನಲ್ಲೇ ನನ್ನ ಕೈ ಹಿಡಿದುಕೊಂಡಳು.

"ನೋಡ್ದೆಲ್ಲ? ನಾ ಹೇಳಿದ್ದಿಲ್ಲ?"

"ಹೌದು ಆಪಾ."

"ಮುಂದಿನ ರವಿವಾರ ಅಫಜಲಪುರದಾಗ ಕಂಪನಿ ಮೀಟಿಂಗ್ ಅದ. ನೀ ಬಾ. ಎರಡ ಮಾತು ಹೇಳು, ಸಾಕು."

ಹೋದೆ. ಬಾಡಿಗೆಯ ಸಭಾಂಗಣ, ಪ್ಲಾಸ್ಟಿಕ್ ಖುರ್ಚಿ, ಗುಂಯ್ ಅನ್ನುವ ಫ್ಯಾನು. ಸುಮಾರು ಎಂಬತ್ತು ಜನ, ಹೆಚ್ಚಿನವರು ಹೆಂಗಸರು. ಟೈ ಕಟ್ಟಿದ ಒಬ್ಬರು ಪರದೆಯ ಮೇಲೆ ಚಿತ್ರ ತೋರಿಸಿ ಮಾತಾಡಿದರು. ಅವರನ್ನು ಎಲ್ಲರೂ ಬರೀ ಸರ್ ಅನ್ನುತ್ತಿದ್ದರು. ಆಮೇಲೆ ಆಪಾಳನ್ನು ಕರೆದರು, ಆಪಾ ನನ್ನನ್ನು ಕರೆದಳು. ನಾನು ಮೈಕು ಹಿಡಿದದ್ದು ಜೀವನದಲ್ಲಿ ಅದೇ ಮೊದಲು. ಇಷ್ಟಿತ್ತು, ಇಷ್ಟಾಯಿತು ಎಂದು ಎರಡು ಅಂಕಿ ಹೇಳಿದೆ. ಚಪ್ಪಾಳೆ ಬಿತ್ತು. ಅಲ್ಲಿಗೆ ಕೆಳಗಿಳಿದಿದ್ದರೆ ನಾನು ಆಡಿದ್ದರಲ್ಲಿ ಸುಳ್ಳೇನೂ ಇರುತ್ತಿರಲಿಲ್ಲ.

ಎರಡನೆಯ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದಳು. ತಾನು ಕರಜಗಿಯವಳು, ಕಬ್ಬಿನ ಹೊಲ ಇದೆ, ತನಗೂ ಎಂಟು ವರ್ಷದಿಂದ ಶುಗರ್ ಅಂದಳು.

"ಹಂಗಾರ ಗುಳಿಗಿ ಬಿಟ್ಟೀರೇನ್ರಿ ಅಕ್ಕೋರ?"

ನನ್ನ ಪರ್ಸಿನಲ್ಲಿ ಎರಡು ನಮೂನೆಯ ಗುಳಿಗೆ ಇದ್ದವು. ಆ ಬೆಳಿಗ್ಗೆ ನುಂಗಿಯೇ ಬಂದಿದ್ದೆ. ಆಪಾಳ ಕಡೆ ನೋಡಿದೆ. ಅವಳು ಎದೆಯ ಮೇಲೆ ಎರಡೂ ಕೈ ಜೋಡಿಸಿಕೊಂಡು, ಪರೀಕ್ಷೆಯಲ್ಲಿ ಮಗು ಉತ್ತರ ಹೇಳುವುದನ್ನು ಕಾಯುವ ತಾಯಿಯ ಹಾಗೆ ನನ್ನನ್ನೇ ನೋಡುತ್ತಿದ್ದಳು.

"ಬಿಟ್ಟೇನ್ರಿ" ಅಂದೆ.

ಮತ್ತೆ ಚಪ್ಪಾಳೆ. ಆವತ್ತು ಆಪಾಳ ಒಂಬತ್ತು ಡಬ್ಬಿ ಹೋದವು. ಬರುವಾಗ ಬಸ್ಸಿನಲ್ಲಿ, "ಇವತ್ತ ನನ್ನ ಮರ್ಯಾದಿ ಉಳಿಸ್ದಿ ಬೇ" ಎಂದು ನನ್ನ ಭುಜಕ್ಕೆ ತಲೆ ಇಟ್ಟು ನಿದ್ದೆ ಹೋದಳು.

ಸೋಮವಾರ ಬಸ್ಸು ಆಳಂದ ದಾಟಿತು. ನಾನು ಪರ್ಸು ತೆಗೆಯಲಿಲ್ಲ. ಬಿಟ್ಟೇನಿ ಎಂದು ಹೇಳಿದವಳು ಅವಳೆದುರು ಹೇಗೆ ನುಂಗಲಿ? ಮನೆಯಲ್ಲೇ ನುಂಗಿ ಬಂದಿದ್ದೆ. ಅವಳೂ ತೆಗೆಯಲಿಲ್ಲ. ಅವಳೂ ಮನೆಯಲ್ಲೇ ನುಂಗಿರಬೇಕು, ನನಗೆ ಸಂಕೋಚವಾಗಬಾರದೆಂದು ಹೀಗೆ ಮಾಡುತ್ತಾಳೆ ಅಂದುಕೊಂಡೆ. ಆ ಪ್ರಶ್ನೆ, ಆ ಉತ್ತರ ಅಂದಿಗೆ ನಿಂತವು. ಅವಳಿಗೆ ಕೇಳಿದರೆ ಅವಳು ನನಗೆ ಕೇಳುತ್ತಾಳೆ ಎಂಬ ಹೆದರಿಕೆಗೆ ಐದು ತಿಂಗಳು ಬಾಯಿ ಮುಚ್ಚಿಕೊಂಡು ಕೂತೆ.

ಐದನೆಯ ತಿಂಗಳಲ್ಲಿ ಅವಳು ಬಸ್ಸಿಳಿದು ಶಾಲೆಯ ಕಡೆ ಹೋಗುವಾಗ ಬಲಗಾಲು ಎಳೆಯುತ್ತಿದ್ದದ್ದು ಕಾಣಿಸಿತು. ಬೇಸಿಗೆಯಲ್ಲೂ ಕಾಲುಚೀಲ ಹಾಕಿದ್ದಳು.

"ಕಾಲಿಗೇನಾತು?"

"ಹೊಸಾ ಚಪ್ಪಲಿ ಕಡದಾದ. ಹೋಗ್ತದ ಬಿಡು."

ಹೋಗುತ್ತದೆ ಎಂದು ನಾನೂ ಬಿಟ್ಟೆ. ಮುಂದಿನ ವಾರ ಮೂರು ದಿನ ಬಸ್ಸಿಗೆ ಬರಲಿಲ್ಲ. ಫೋನು ಮಾಡಿದರೆ, ಜರಾ ಜ್ವರ ಅಂದಳು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸೀದಾ ಅವಳ ಮನೆಗೆ ಹೋದೆ. ಬಾಗಿಲು ತೆಗೆದದ್ದು ಮಗಳು. ಒಳಗೆ ಕಾಲಿಟ್ಟ ಕೂಡಲೇ ಅತ್ತರಿನ ಕೆಳಗೆ ಇನ್ನೊಂದು ವಾಸನೆ ಇದ್ದದ್ದು ಗೊತ್ತಾಯಿತು.

ಆಪಾ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಬಲಗಾಲಿನ ಪಟ್ಟಿ ಅರ್ಧ ಬಿಚ್ಚಿತ್ತು. ಕಿರುಬೆರಳು ಕಪ್ಪಾಗಿತ್ತು, ಪಕ್ಕದ್ದು ಊದಿ ಹೊಳೆಯುತ್ತಿತ್ತು.

ಮಗಳು ನನ್ನ ಕೈ ಹಿಡಿದು, "ನಿನ್ನಿ ಕಲಬುರಗಿಗೆ ಕರಕೊಂಡ ಹೋಗಿದ್ದೆ ಖಾಲಾ. ಡಾಕ್ಟರ್ ಇವತ್ತಿಂದ ಇವತ್ತ ಅಡ್ಮಿಟ್ ಆಗ್ರಿ, ಇನ್ಸುಲಿನ್ ಶುರು ಮಾಡ್ಬೇಕು, ತಡಾ ಮಾಡಿದ್ರ ಪಾದ ಉಳಿಯಂಗಿಲ್ಲ ಅಂದ್ರು. ಅಮ್ಮಿ ಒಲ್ಲೆ ಅಂತ ಎದ್ದ ಬಂದಾಳ" ಅಂದಳು. ಅಳು ತಡೆದು ತಡೆದು ದನಿ ಒಡೆದಿತ್ತು.

"ಯಾಕ ಆಪಾ?"

"ಕಂಪನಿ ಸರ್‌ಗೆ ಫೋನ್ ಮಾಡಿದ್ದೆ. ಮೈಯಾಗಿನ ವಿಷ ಗಾಯದಿಂದ ಹೊರಗ ಬರಾಕತ್ತಾದ, ಡೋಸ್ ಡಬಲ್ ಮಾಡ್ರಿ, ಈಗ ನಿಲ್ಲಿಸಬ್ಯಾಡ್ರಿ ಅಂದಾರ."

"ಗುಳಿಗಿ?" ಅಂದೆ. ಐದು ತಿಂಗಳ ಮೇಲೆ ಆ ಮಾತು ಬಾಯಿಂದ ಬಂತು.

ಉತ್ತರ ಕೊಟ್ಟದ್ದು ಮಗಳು. "ಬಿಟ್ಟು ಐದ್ ತಿಂಗಳಾತ್ರಿ. ನೀವೂ ಬಿಟ್ಟೀರಂತಲ್ಲ, ನಿಮಗ ಕಮ್ಮಿ ಆಗ್ಯಾದಂತಲ್ಲ. ನಾ ಬೈದ್ರ ನಿಮ್ಮ ಹೆಸರ ಹೇಳ್ತಾಳ."

ಮೀಟಿಂಗಿನ ಹಿಂದಿನ ದಿನದವರೆಗೂ ನಾನು ಬಸ್ಸಿನಲ್ಲಿ ನುಂಗಿದ್ದನ್ನು ಕಂಡವಳು, ಆ ರವಿವಾರದಿಂದ ಬಿಟ್ಟೆನೆಂದು ನಂಬಿದ್ದಳು. ಆಪಾ ನನ್ನ ಕಡೆ ತಿರುಗಿದಳು. ಜ್ವರಕ್ಕೆ ಕಣ್ಣು ಹೊಳೆಯುತ್ತಿದ್ದವು. "ನೀನ ಹೇಳು ಇಕಿಗೆ. ಗುಳಿಗಿ ಬಿಟ್ಟ ಮ್ಯಾಲ ನಿನಗ ಎಷ್ಟ ದಿನ ಹಿಡೀತು? ಶುರೂಕ ತಕಲೀಫ್ ಆಗ್ತದ, ಆಮ್ಯಾಲ ಆರಾಮ ಆಗ್ತದ, ಹೌದಲ್ಲೋ? ಹೇಳು ಬೇ. ನನ್ನ ಮಾತು ಕೇಳವಲ್ಲಳು."

ಅಫಜಲಪುರದ ಸಭಾಂಗಣದಲ್ಲಿ ನೋಡಿದ್ದ ಹಾಗೆಯೇ ನೋಡುತ್ತಿದ್ದಳು. ನಿಜ ಹೇಳಿದರೆ ಇವಳು ನನ್ನವಳಾಗಿ ಉಳಿಯುವುದಿಲ್ಲ ಎಂಬುದು ಆಗಲೇ ತಿಳಿಯಿತು. ಆ ಕಪ್ಪು ಬೆರಳು ಕಣ್ಣೆದುರಿಗೇ ಇತ್ತು. ಆದರೂ ಒಂದು ಗಳಿಗೆ ಹಿಂದೆಮುಂದೆ ನೋಡಿದೆ. ಬರೆಯಲು ನಾಚಿಕೆಯಾಗುತ್ತದೆ.

ಪರ್ಸು ತೆಗೆದು ಎರಡೂ ಗುಳಿಗೆಯ ಪಟ್ಟಿಗಳನ್ನು ಅವಳ ಚಾದರದ ಮೇಲೆ ಇಟ್ಟೆ. ಒಂದರಲ್ಲಿ ಮೂರು ಉಳಿದಿದ್ದವು, ಇನ್ನೊಂದರಲ್ಲಿ ಆರು.

"ನಾ ಬಿಟ್ಟಿಲ್ಲ ಆಪಾ. ಒಂದ ದಿನಾನೂ ಬಿಟ್ಟಿಲ್ಲ. ಜೇವರ್ಗಿ ಡಾಕ್ಟರು ಎರಡ ಮಾಡ್ಯಾರ. ಅದಕ್ಕ ಇಳದಾದ."

ಅವಳು ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಅಫಜಲಪುರದಾಗ ಮೈಕ್ ಹಿಡದು ಹೇಳ್ದೆಲ್ಲ."

"ಸುಳ್ಳ ಹೇಳ್ದೆ."

"ಯಾಕ?"

"ನಿನ್ನ ಮುಲಾಜಿಗೆ."

"ಮುಲಾಜಿಗೆ" ಅಂದಳು. ಪಟ್ಟಿಯನ್ನು ಕೆಳಗಿಟ್ಟು, "ಡಬ್ಬಿ? ತಿಂಗಳಾ ತಗೊಂಡಿ, ಏನ್ ಮಾಡ್ದಿ?" ಎಂದು ಕೇಳಿದಳು.

"ಮೂರ್ ದಿನ ಕುಡದೆ. ಆಮ್ಯಾಲ ಹಾಲಿನಕಿ ಎಮ್ಮಿಗೆ ಹಾಕಸ್ದೆ."

ಮಗಳು ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಆಪಾ ನನ್ನನ್ನೇ ನೋಡುತ್ತಿದ್ದಳು.

"ಎಮ್ಮಿಗೆ ಶುಗರ್ ಇತ್ತೇನ್ ಬೇ?"

ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಅವಳು ಗುಳಿಗೆಯನ್ನು ನನ್ನ ಕಡೆ ತಳ್ಳಿದಳು. "ಒಲ್ಲೆ ಅಂತ ಒಂದ್ ಮಾತು ಅಂದಿದ್ರ ನಾ ಏನ್ ಮಾಡ್ತಿದ್ದೆ? ಒಂದ್ ವಾರ ಮಾತು ಬಿಡ್ತಿದ್ದೆ. ಕಿಟಕಿ ಕಡೀಗಿ ಮಾರಿ ಮಾಡಿ ಕೂಡ್ತಿದ್ದೆ. ಆಮ್ಯಾಲ ಹಸಿವಾದ ಮ್ಯಾಲ ನಿನ್ನ ಹಿಂಡಿ ಕೇಳ್ತಿದ್ದೆ. ಅಷ್ಟ ಆಗ್ತಿತ್ತು."

ನಾನು ಗುಳಿಗೆಯ ಪಟ್ಟಿಗಳನ್ನು ಎತ್ತಿ ಪರ್ಸಿಗೆ ಹಾಕಿಕೊಂಡೆ.

ಅವಳು ಮಗಳ ಕಡೆ ತಿರುಗಿ, "ಬುರ್ಖಾ ತಗೊಂಡ ಬಾ. ನಿಮ್ಮ ಅಬ್ಬಾಗ ಗಾಡಿ ತರಾಕ ಹೇಳು" ಅಂದಳು.

"ನಾನೂ ಬರ್ತೇನಿ ಆಪಾ."

"ಬ್ಯಾಡ."

ಕಲಬುರಗಿಯ ದವಾಖಾನೆಯಲ್ಲಿ ಎರಡು ಬೆರಳು ತೆಗೆದರು. ಪಾದ ಉಳಿಯಿತು. ಇನ್ನೊಂದು ವಾರ ಬಿಟ್ಟು ಬಂದಿದ್ದರೆ ಆ ಮಾತು ಹೇಳುವಂತಿರಲಿಲ್ಲ ಎಂದು ಡಾಕ್ಟರು ಅಂದರಂತೆ. ನಾನು ಎರಡು ಸಲ ಹೋದೆ. ಎರಡು ಸಲವೂ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು, ನಿದ್ದೆ ಬಂದಿರಲಿಲ್ಲ. ಮೆತ್ತಗಿನ ಜೋಳದ ರೊಟ್ಟಿ, ಹೆಸರುಬೇಳೆ ಪಲ್ಯ ಡಬ್ಬಿಯಲ್ಲಿ ಇಟ್ಟು ಬಂದೆ. ಹದಿನಾಲ್ಕು ವರ್ಷದಲ್ಲಿ ನಮ್ಮಿಬ್ಬರ ಡಬ್ಬಿಗಳು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಖಾಲಿ ಹೋದದ್ದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಒಣ ಖರ್ಜೂರವನ್ನಾದರೂ ಹಾಕುತ್ತಿದ್ದಳು. ಈ ಸಲ ಡಬ್ಬಿ ಚೆನ್ನಾಗಿ ತೊಳೆದು, ಒರೆಸಿ, ಖಾಲಿ ಬಂತು.

ದವಾಖಾನೆಯ ಖರ್ಚಿಗೆಂದು ಒಂದು ಲಕೋಟೆಯಲ್ಲಿ ರೊಕ್ಕ ಇಟ್ಟು ಮಗಳ ಕೈಗೆ ಕೊಟ್ಟೆ. ಮರುದಿನ ಅವಳೇ ಮನೆಗೆ ಬಂದು ಲಕೋಟೆ ವಾಪಸು ಕೊಟ್ಟಳು. ತಲೆ ತಗ್ಗಿಸಿಕೊಂಡು, "ಮುಲಾಜಿನ ರೊಕ್ಕ ಬ್ಯಾಡಂತ ಹೇಳು ಅಂದಾಳ ಅಮ್ಮಿ" ಅಂದಳು. ನಮ್ಮ ಮನೆಯವರು ಒಳಗಿನಿಂದ ಕೇಳಿಸಿಕೊಂಡರು. ಆ ಸಂಜೆ ಅವರೇ ಚಹಾ ಮಾಡಿ ತಂದು ನನ್ನ ಮುಂದಿಟ್ಟರು.

ಮನೆಗೆ ಬಂದ ಮೇಲೆ ಆಪಾ ಇನ್ನೊಂದು ಕೆಲಸ ಮಾಡಿದಳು. ಕಾಲಿಗೆ ಪಟ್ಟಿ ಇದ್ದ ಹಾಗೆಯೇ ಮಗಳ ಜೊತೆ ಆಟೋದಲ್ಲಿ ಕೂತು, ತಾನು ಡಬ್ಬಿ ಮಾರಿದ ಒಂದೊಂದೇ ಮನೆಗೆ ಹೋದಳು. ಸರಸಂಬಾದಲ್ಲಿ ಎರಡು ಮನೆ, ಉಳಿದವು ಆಳಂದದಲ್ಲೇ. ಅಫಜಲಪುರದಲ್ಲಿ ಕೊಂಡವರಿಗೆ ಫೋನಿನಲ್ಲೇ ಹೇಳಿದಳಂತೆ. ಬಾಗಿಲಲ್ಲಿ ನಿಂತು, ಗುಳಿಗೆ ಬಿಡಬೇಡಿ, ನಾನು ಬಿಟ್ಟು ಹೀಗಾಗಿದ್ದೇನೆ ಎಂದು ಕಾಲು ತೋರಿಸಿದಳಂತೆ. ಸೀಲು ಒಡೆಯದ ಡಬ್ಬಿ ಇದ್ದವರಿಗೆ ರೊಕ್ಕ ವಾಪಸು ಕೊಟ್ಟಳಂತೆ. ಕೆಲವರು ಸಮಾಧಾನ ಹೇಳಿದರು, ಒಬ್ಬರು ಬಾಗಿಲಲ್ಲೇ ಬೈದರು. ನನಗೆ ಇದೆಲ್ಲ ಹೇಳಿದ್ದು ಹಾಲಿನವಳು. ಎಲ್ಲೂ ನನ್ನ ಹೆಸರು ಎತ್ತಲಿಲ್ಲವಂತೆ. ಎತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಒಂದು ಸಂಜೆ ಅವಳ ಫೋನು ಬಂತು. ಎರಡು ತಿಂಗಳ ಮೇಲೆ ಕೇಳಿದ ದನಿ.

"ಕರಜಗಿ ಹೆಣ್ಮಗಳು ನೆನಪದಾಳೇನು?"

"ಅದಾಳ ಆಪಾ."

"ಅಕಿ ಕೇಳಿದ್ದು ನಿನಗ. ನೀ ಹೋಗಿ ಹೇಳು. ಅದು ನಿನ್ನ ಪಾಲು." ಫೋನು ಇಟ್ಟಳು.

ರವಿವಾರ ಹೋದೆ. ಅಫಜಲಪುರದಲ್ಲಿ ಬಸ್ಸು ಬದಲಾಯಿಸಿ ಕರಜಗಿಗೆ ಇಳಿದಾಗ ಬಿಸಿಲು ಏರಿತ್ತು. ಹೆಸರು ಗೊತ್ತಿಲ್ಲ, ಕಬ್ಬಿನ ಹೊಲ, ಶುಗರ್ ಕಾಯಿಲೆ ಎಂಬುದಷ್ಟೇ ಗುರುತು. ಕಬ್ಬಿನ ಹೊಲದವರು ಅಲ್ಲಿ ಬೇಕಾದಷ್ಟು ಜನ. "ಯಾವ ಶುಗರ್ ಕೇಳ್ತೀರಿ, ಹೊಲದಾಗಿಂದೋ, ಮೈಯಾಗಿಂದೋ?" ಎಂದು ಅಂಗಡಿಯವನೊಬ್ಬ ನಗಾಡಿದ. ಮೂರು ಓಣಿ ತಿರುಗಿದ ಮೇಲೆ ಮನೆ ಸಿಕ್ಕಿತು. ಅವಳು ನನ್ನ ಗುರುತು ಹಿಡಿದು ಒಳಗೆ ಕರೆದು ಕೂರಿಸಿದಳು. ನೀರು ಕುಡಿಯುವ ಮುಂಚೆಯೇ ಹೇಳಿಬಿಟ್ಟೆ. ನಾನು ಗುಳಿಗೆ ಬಿಟ್ಟಿರಲಿಲ್ಲ, ಅಂದು ಆಡಿದ್ದು ಸುಳ್ಳು, ನೀವು ಬಿಟ್ಟಿದ್ದರೆ ಇವತ್ತೇ ಶುರು ಮಾಡಿ ಅಂದೆ.

ಅವಳು ನನ್ನ ಮುಖ ನೋಡಿ ನಕ್ಕಳು. "ಅಯ್ಯ ಅಕ್ಕೋರ, ನಾ ಎಲ್ಲಿ ಬಿಟ್ಟೇನ್ರಿ? ಮೈಕಿನ್ಯಾಗ ಮಂದಿ ಏನೇನೋ ಹೇಳ್ತಾರ, ಅದನ್ನ ಯಾರ ನಂಬ್ತಾರ? ಇದಕ್ಕ ಇಷ್ಟ ದೂರ ಬಂದ್ರೇನು?"

ಚಹಾ ಕೊಟ್ಟಳು, ಸಕ್ಕರೆ ಇಲ್ಲದ್ದು. ಕುಡಿದು ಬಸ್ಸು ಹತ್ತಿದೆ. ಅಷ್ಟು ಜನ ತುಂಬಿದ ಸಭಾಂಗಣದಲ್ಲಿ ನನ್ನ ಮಾತನ್ನು ನಂಬಿ ಗುಳಿಗೆ ಬಿಟ್ಟವಳು, ನನಗೆ ಗೊತ್ತಿದ್ದ ಮಟ್ಟಿಗೆ, ನನ್ನ ಆಪಾ ಒಬ್ಬಳೇ. ದಾರಿಯುದ್ದಕ್ಕೂ ಅದೇ ತಲೆಯಲ್ಲಿ ತಿರುಗಿತು. ಆಳಂದಕ್ಕೆ ಬಂದು ಇಳಿದಾಗ ಅಷ್ಟು ದಣಿವಾಗಿತ್ತೆಂದರೆ, ನಿಲ್ದಾಣದ ಕಲ್ಲಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತೆ. ಪರಿಚಯದವರೊಬ್ಬರು ನಿಂತು ಆರಾಮಿದ್ದೀರೇನ್ರಿ ಅಂದರು. ಆರಾಮ್ರಿ ಅಂದೆ.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಮೇಲೆ ಆಪಾ ಕೆಲಸಕ್ಕೆ ಬಂದಳು. ದಪ್ಪ ಅಡಿಯ ಹೊಸ ಬೂಟು, ಕೈಯಲ್ಲಿ ಕೋಲು. ಬಸ್ಸು ಹತ್ತಿ ನಮ್ಮ ಸೀಟಿನ ಹತ್ತಿರ ನಿಂತಳು. ನಾನು ಕಿಟಕಿಯ ಕಡೆ ಸರಿದು ಕೂತಿದ್ದೆ.

"ಏಳು" ಅಂದಳು.

ಎದ್ದೆ. ತನ್ನ ಕಿಟಕಿಯಲ್ಲಿ ಹೋಗಿ ಕೂತಳು. ಖಜೂರಿಯವರೆಗೆ ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಹಾಗೆ ಎಷ್ಟೋ ದಿನ ಹೋದವು. ಆಮೇಲೆ ಮಳೆಯ ಬಗ್ಗೆ, ಶಾಲೆಯ ಬಗ್ಗೆ, ಮಗಳ ಫಲಿತಾಂಶದ ಬಗ್ಗೆ ಒಂದೊಂದು ಮಾತು ಬಂತು. ಈಗ ಪರ್ಸು ತೆಗೆದು ಗುಳಿಗೆ ನುಂಗುವಾಗ ಅವಳು ಕೇಳುವುದಿಲ್ಲ, ನನ್ನ ಕೈಯನ್ನು ನೋಡುತ್ತಾಳೆ. ಪಟ್ಟಿಯಿಂದ ಗುಳಿಗೆ ಹೊರಬಿದ್ದು ಬಾಯಿಗೆ ಹೋದದ್ದನ್ನು ಕಂಡ ಮೇಲೆ ಕಿಟಕಿಯ ಕಡೆ ತಿರುಗುತ್ತಾಳೆ.

ಕಳೆದ ತಿಂಗಳು ಒಂದು ರವಿವಾರ ಅವಳೇ ಕರೆದಳು. ರಕ್ತ ಕೊಡಲು ದವಾಖಾನೆಯ ಲ್ಯಾಬಿಗೆ ಹೋಗುವುದಿತ್ತು, ಮಗಳು ಊರಲ್ಲಿರಲಿಲ್ಲ. ಇಬ್ಬರೂ ರಕ್ತ ಕೊಟ್ಟು ಹೊರಗಿನ ಬೆಂಚಿನ ಮೇಲೆ ಕಾದೆವು. ಅವಳ ಕಾಗದ ಬಂದಾಗ ಚಷ್ಮಾ ಹುಡುಕಿದಳು. ಪರ್ಸಿನಲ್ಲಿ ಇರಲಿಲ್ಲ, ಮನೆಯಲ್ಲೇ ಉಳಿದಿತ್ತು. ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಕೊನೆಗೆ ನನ್ನ ಕೈಗೆ ಕೊಟ್ಟಳು.

"ಓದು."

"ಎರಡ್ನೂರಾ ಹತ್ತು."

"ಸರಿಯಾಗಿ ನೋಡು. ನೂರಾ ಹತ್ತು ಇರಬೇಕು. ಈ ತಿಂಗಳ ನಾ ಅನ್ನ ಮುಟ್ಟಿಲ್ಲ."

ಅವಳ ಮುಖ ಸೋತಿತ್ತು. ನೂರಾ ಹತ್ತು ಅಂದಿದ್ದರೆ ಮನೆಯವರೆಗೆ ಖುಷಿಯಿಂದ ನಡೆಯುತ್ತಿದ್ದಳು.

"ಎರಡ್ನೂರಾ ಹತ್ತ ಅದ ಆಪಾ. ಇನ್ಸುಲಿನ್ ಹೆಚ್ಚು ಮಾಡ್ಬೇಕಾಗ್ತದ ಅನಸ್ತದ."

"ನಿನಗ ಒಂದ್ ಮಾತು ಮೆತ್ತಗ ಹೇಳಾಕ ಬರಂಗಿಲ್ಲೇನು?" ಅಂದಳು. ಕಾಗದ ಕಿತ್ತುಕೊಂಡು ಪಕ್ಕದಲ್ಲಿ ಕೂತಿದ್ದ ರುಮಾಲಿನ ಮನುಷ್ಯನ ಕೈಗೆ ಕೊಟ್ಟಳು. "ಕಾಕಾ, ಇದರಾಗ ಎಷ್ಟ ಅದ, ಜರಾ ಓದ್ರಿ."

ಅವನು ಬೆರಳಿಟ್ಟು ನೋಡಿದ. "ಎರಡ್ನೂರಾ ಹತ್ತು ಬರದಾರ ನೋಡ್ರವ್ವಾ."

ಆಪಾ ಕಾಗದ ಮಡಚಿ ಪರ್ಸಿನಲ್ಲಿ ಇಟ್ಟಳು. ನನ್ನ ಕಡೆ ನೋಡಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ಬೂಟಿನ ಕಾಲನ್ನು ಎರಡೂ ಕೈಯಿಂದ ಎತ್ತಿ ನೇರ ಮಾಡಿಕೊಂಡಳು.

"ಡಾಕ್ಟರ್ ಎಷ್ಟಕ್ಕ ಬರ್ತಾನ?"

"ಹತ್ತಕ್ಕ."

"ಕೂಡು ಹಂಗಾರ" ಅಂದಳು.

ಒಂಬತ್ತು ಕಾಲು ಆಗಿತ್ತು. ಕೂತೆವು.